ಅಪ್ಪನ ಪಕ್ಕದ ಜಾಗ

ಬೆಂಗಳೂರಿನ ಹೂಡಿಯ ಆಚೆ, ಕೆರೆಯ ದಂಡೆಯ ಮೇಲೆ ನಮ್ಮ ಓಣಿಯವರ ಸ್ಮಶಾನವಿದೆ. ಸ್ಮಶಾನ ಎಂದರೆ ಗೇಟು, ಕಾಂಪೌಂಡು, ಬೋರ್ಡು ಎಂದೆಲ್ಲ ಅಂದುಕೊಳ್ಳಬೇಡಿ. ಜಾಲಿ, ಹೊಂಗೆ, ಒಂದಿಷ್ಟು ಹುಲ್ಲು, ಅದರಾಚೆ ನೀರು. ತಲೆತಲಾಂತರದಿಂದ ನಮ್ಮವರನ್ನು ಅಲ್ಲೇ ಮಣ್ಣು ಮಾಡುತ್ತ ಬಂದಿದ್ದೇವೆ. ಆದರೆ ಮೇಲೆ ಕಲ್ಲು ನೆಡುವ ಪದ್ಧತಿ ನಮ್ಮಲ್ಲಿಲ್ಲ. ಹೋದವರ ಎದೆಯ ಮೇಲೆ ಭಾರ ಹೇರಬಾರದು ಎನ್ನುತ್ತಾರೆ. ಕೆಲವು ಮಳೆಗಾಲ ಕಳೆದರೆ ಮಣ್ಣಿನ ಗುಡ್ಡೆ ತಗ್ಗಿ ನೆಲ ಸಮವಾಗುತ್ತದೆ. ನೋಡುವವರ ಕಣ್ಣಿಗೆ ಅದು ಖಾಲಿ ಜಾಗ.

ಬಿಲ್ಡರ್ ಒಬ್ಬನಿಗೂ ಹಾಗೇ ಕಂಡಿತು. ಒಂದು ಬೆಳಿಗ್ಗೆ ನಾನು ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗೆ ಹೊರಟಾಗ ಕೆರೆಯ ಮೂಲೆಯಿಂದ ನೀಲಿ ತಗಡಿನ ಬೇಲಿ ಏಳುತ್ತಿತ್ತು. ತಗಡಿನ ಮೇಲೆ ಕೆರೆಯ ಚಿತ್ರ, ನಗುತ್ತಿರುವ ಗಂಡ ಹೆಂಡತಿ, ‘ಲೇಕ್ ವ್ಯೂ’ ಮನೆಗಳ ಜಾಹೀರಾತು. ನನಗೆ ಮೈಯೆಲ್ಲ ಉರಿದುಹೋಯಿತು. ಆ ವ್ಯೂ ನೋಡಿಕೊಂಡು ಅಲ್ಲಿ ಮೊದಲೇ ಮಲಗಿದ್ದವನು ನನ್ನ ಅಪ್ಪ.

ಅವ್ವ ಮಾತ್ರ ಬೈಯಲಿಲ್ಲ, ಅಳಲಿಲ್ಲ. ದಿನಾ ಸಂಜೆ ಹೋಗಿ ಬೇಲಿ ಎಲ್ಲಿಯವರೆಗೆ ಬಂತು ಎಂದು ನೋಡಿಕೊಂಡು ಬರುತ್ತಿದ್ದಳು. ಅಪ್ಪನ ಪಕ್ಕದ ಜಾಗ ತನ್ನದು ಎಂದು ಅವಳು ಗೊತ್ತುಮಾಡಿಕೊಂಡದ್ದು ಇಡೀ ಓಣಿಗೆ ತಿಳಿದಿತ್ತು. ಬೇರೆ ಯಾರನ್ನೂ ಅಲ್ಲಿ ಇಡಲು ಬಿಟ್ಟವಳಲ್ಲ.

“ಬೇಲಿ ಮುಗಿಯೋದ್ರೊಳಗೆ ನಾನು ಒಂಟೋದ್ರೆ ಒಳ್ಳೇದು ಕಣವ್ವ,” ಎಂದಳು ಒಂದು ಸಂಜೆ. “ಆಮೇಲೆ ಒಳೀಕೆ ಬಿಡಾಕಿಲ್ಲ ಅವ್ರು.”

ಸಂತೆಗೆ ಹೊರಡುವ ಮಾತಾಡಿದಷ್ಟು ಸಲೀಸಾಗಿ ಹೇಳಿದಳು. ಅಂದಿನಿಂದ ಊಟವೂ ಕಡಿಮೆಯಾಯಿತು. ನನಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗಲೇ.

ಕ್ಯಾಬ್ ಓಡಿಸುವ ನನ್ನ ತಮ್ಮ ಹೋರಾಟಕ್ಕೆ ಇಳಿದ. ವಾಟ್ಸ್ಯಾಪ್ ಗ್ರೂಪ್ ಆಯಿತು, ಅರ್ಜಿ ಕೊಟ್ಟದ್ದಾಯಿತು, ಭಾನುವಾರಗಳಂದು ಕೆರೆ ಏರಿಯ ಮೇಲೆ ಧರಣಿ ಕೂತದ್ದೂ ಆಯಿತು. ಎದುರಿನ ಅಪಾರ್ಟ್‌ಮೆಂಟಿನವರು ಬರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಿಟಕಿಯಿಂದ ಸ್ಮಶಾನ ಕಾಣದಿದ್ದರೆ ಅವರಿಗೇ ಒಳ್ಳೆಯದಲ್ಲವೇ? ಆದರೆ ಹಣೆಗೆ ವಿಭೂತಿ ಹಚ್ಚಿದ ಒಬ್ಬ ಮೇಡಂ, ಧಾರವಾಡದ ಕಡೆಯವರು, ತಾವಾಗಿಯೇ ಬಂದು ನಮ್ಮ ಜಮಖಾನದ ಮೇಲೆ ಕೂತರು.

“ನಮ್ಮೊಳಗೂ ಮಣ್ಣು ಮಾಡೋದರಿ,” ಎಂದರು. “ಅಷ್ಟು ಎತ್ತರದಾಗ ಮನಿ ತಗೊಂಡೀವಿ, ಮುಂದ ನಮ್ಮನ್ನ ಎಲ್ಲಿ ಇಡ್ತಾರ ಅಂತ ಯಾರೂ ಕೇಳೇ ಇಲ್ಲ ನೋಡ್ರಿ!”

ಮುಂದಿನ ಭಾನುವಾರ ಮೇಡಂ ತಮ್ಮ ಬಿಲ್ಡಿಂಗಿನ ಒಂದು ದಂಡನ್ನೇ ಕರೆತಂದರು. ಅವರ ಬಗ್ಗೆ ಅಂದುಕೊಂಡದ್ದನ್ನೆಲ್ಲ ನಾನು ಸದ್ದಿಲ್ಲದೆ ನುಂಗಿಕೊಂಡೆ.

ಕಂದಾಯ ಇಲಾಖೆಯ ಅಧಿಕಾರಿ ಜಾಗ ನೋಡಲು ಬರುತ್ತಾರೆ ಎಂದು ತಿಳಿದಾಗ ನನ್ನ ತಮ್ಮನಿಗೆ ಒಂದು ಭಾರೀ ಐಡಿಯಾ ಹೊಳೆಯಿತು. ಖಾಲಿ ಕಂಡರೆ ತಾನೇ ಕಷ್ಟ? ಗೆಳೆಯರನ್ನು ಕಟ್ಟಿಕೊಂಡು ಹೋಗಿ ಗ್ರಾನೈಟ್ ಕಲ್ಲುಗಳನ್ನು ತಂದ, ಹೆಸರು ಕೆತ್ತಿಸಿದ, ನಾವು ಹೆಂಗಸರು ಕೆಲಸ ಮುಗಿಸಿ ಬರುವಷ್ಟರಲ್ಲಿ ನೆಟ್ಟೂ ಬಿಟ್ಟ. ಅದೂ ಫೋಟೊದಲ್ಲಿ ಚೆನ್ನಾಗಿ ಬರಲಿ ಎಂದು ದಾರ ಹಿಡಿದು ನೆಟ್ಟಗೆ ಸಾಲು ಸಾಲಾಗಿ. ಶಾಲೆಯಲ್ಲಿ ಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿದ ಹಾಗಿತ್ತು. ಅವ್ವ ನೋಡಿ ಹಣೆ ಚಚ್ಚಿಕೊಂಡಳು.

“ನಿನ್ ಬಾಯಿಗೆ ಮಣ್ಣಾಕ! ನಿಮ್ಮಪ್ಪನ ಕಾಲ್ಮೇಲೆ ಯಾರ್ದೋ ಕಲ್ಲು ನಿಲ್ಸಿದೀಯಲ್ಲೋ!”

ಕೀಳಲು ಸಮಯವಿರಲಿಲ್ಲ. ಮರುದಿನವೇ ತನಿಖೆ, ಅದೇ ದಿನ ನಮ್ಮ ಓಣಿಯಲ್ಲಿ ಹಿರಿಯರ ಹಬ್ಬ. ತೀರಿಹೋದವರು ಮಲಗಿದಲ್ಲಿಗೇ ಹೋಗಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಟ್ಟು ಬರುವ ದಿನ ಅದು. ಅಧಿಕಾರಿಗಳ ಮುಂದೆ ಬಾಡೂಟ, ಬೀಡಿ ಎಲ್ಲ ಬೇಡ, ಒಂದು ದಿನ ಮುಂದೂಡೋಣ ಎಂದು ತಮ್ಮ ಗೋಗರೆದ.

“ಸತ್ತೋರಿಗೆ ನಾಳೆ ಬನ್ನಿ ಅನ್ನಕ್ಕಾಯ್ತದಾ?” ಎಂದವಳೇ ಅವ್ವ ಖಾರ ಅರೆಯಲು ಕೂತಳು.

ಅಧಿಕಾರಿ ಬಂದರು. ಬಿಲ್ಡರ್ ಕಡೆಯವನೊಬ್ಬ ಕಲ್ಲೊಂದನ್ನು ಕಾಲಿನಿಂದ ಅಲುಗಾಡಿಸಿ, “ನೋಡಿ ಸಾರ್, ಸಿಮೆಂಟ್ ಇನ್ನೂ ಹಸಿ ಇದೆ. ಎಲ್ಲಾ ಡ್ರಾಮಾ,” ಎಂದ. ಅಧಿಕಾರಿ ನನ್ನ ತಮ್ಮನ ಕಡೆ ತಿರುಗಿದರು. ಅವನು ಸಿಮೆಂಟ್ ಮೆತ್ತಿದ್ದ ಚಪ್ಪಲಿಯನ್ನು ಹುಲ್ಲಿಗೆ ಉಜ್ಜಿದ. ಮುಗಿಯಿತು ಕಥೆ ಎಂದುಕೊಂಡೆ. ಸತ್ಯ ನಮ್ಮ ಕಡೆಗಿದ್ದೂ ನಾವು ನಮ್ಮ ಕೈಯಾರೆ ಸುಳ್ಳರಾಗಿ ನಿಂತಿದ್ದೆವು.

ಅಷ್ಟರಲ್ಲಿ ಓಣಿಯ ಹೆಂಗಸರು ಬುಟ್ಟಿ ಹೊತ್ತು ಬಂದರು, ಎಲ್ಲರಿಗಿಂತ ಮುಂದೆ ಅವ್ವ. ಆ ಹೊಳೆಯುವ ಕಲ್ಲುಗಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಸಾಲುಗಳನ್ನು ಅಡ್ಡ ಹಾಯ್ದು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿ, ಕುಕ್ಕರಗಾಲಲ್ಲಿ ಕೂತು ಬಾಳೆಲೆ ಹಾಸಿದರು. ಒಬ್ಬಳು ಜಾಲಿಯ ಬುಡದಲ್ಲಿ, ಇನ್ನೊಬ್ಬಳು ನೀರಿಗೆ ಹತ್ತಿರ. ಅಜ್ಜಿಗೆ ನಶ್ಯದ ಡಬ್ಬಿ, ಬೈಕಿನಿಂದ ಬಿದ್ದು ತೀರಿಹೋದ ಮಗನಿಗೆ ಬಿರಿಯಾನಿ, ಎಳೆಗೂಸಿಗೆ ಬಟ್ಟಲು ಹಾಲು. ಅವ್ವ ಅಪ್ಪನ ಎಲೆಗೆ ಮುದ್ದೆ, ಬಾಡಿನ ಸಾರು ಬಡಿಸಿ, ಪಕ್ಕದಲ್ಲಿ ಬೀಡಿ ಕಟ್ಟು ಇಟ್ಟು, “ಉಣ್ಣು, ಕಾರ ವಸಿ ಜಾಸ್ತಿ ಆಗೈತೆ,” ಎಂದಳು. ಯಾರೂ ಜಾಗ ಹುಡುಕಾಡಲಿಲ್ಲ, ಪಕ್ಕದವರನ್ನು ಕೇಳಲೂ ಇಲ್ಲ. ಬಿಲ್ಡರ್ ಕಡೆಯವನು ಫೋನು ನೋಡುತ್ತ ನಿಂತ.

ಅಧಿಕಾರಿ ಎಲೆಗಳ ನಡುವೆ ಜಾಗ್ರತೆಯಾಗಿ ಹೆಜ್ಜೆ ಇಡುತ್ತ ಬಂದರು. ಶೂ ಯಾವಾಗ ಬಿಚ್ಚಿದರೋ ನಾನು ಗಮನಿಸಿರಲಿಲ್ಲ. ಅಪ್ಪನ ಎಲೆಯ ಪಕ್ಕದ ಬರಿ ನೆಲ ತೋರಿಸಿ, “ಇದು ಯಾರದಮ್ಮ? ಇಲ್ಲಿ ಎಡೆ ಇಟ್ಟಿಲ್ವಲ್ಲ?” ಎಂದರು.

“ಅದು ನಂದು ಸಾಮಿ,” ಎಂದಳು ಅವ್ವ. “ನಾನಿನ್ನೂ ಬಂದಿಲ್ಲ.”

ನಾನು ಅಲ್ಲೇ ಅತ್ತುಬಿಟ್ಟೆ. ಧಾರವಾಡದ ಮೇಡಂ ನನ್ನ ಕೈ ಹಿಡಿದುಕೊಂಡರು, ಅವರ ಕಣ್ಣೂ ಒದ್ದೆಯಾಗಿತ್ತು.

ಸರ್ವೆ ಮುಗಿಯುವವರೆಗೆ ಕೆಲಸ ನಿಲ್ಲಿಸಿ, ಬೇಲಿ ತೆಗೆಯಬೇಕು ಎಂದು ಆದೇಶ ಬಂತು. ಕೇಸು ಇನ್ನೂ ನಡೆಯುತ್ತಿದೆ, ಪೂರ್ತಿ ಗೆದ್ದೆವು ಎಂದು ಬೀಗುವಂತಿಲ್ಲ. ಆದರೂ ತಗಡುಗಳನ್ನು ಲಾರಿಗೆ ಹೇರುವಾಗ ಓಣಿಗೆ ಓಣಿಯೇ ಏರಿ ಮೇಲೆ ನಿಂತು ನೋಡಿತು. ಕಲ್ಲುಗಳನ್ನು ನನ್ನ ತಮ್ಮ ತಾನೇ ಕಿತ್ತು ಹಾಕಿದ.

ಲಾರಿ ಹೋದ ಮೇಲೆ ಅವ್ವ ಅಪ್ಪನ ಪಕ್ಕ ಹೋಗಿ ನಿಂತಳು. ಬಾಯಲ್ಲೇ ಏನೋ ಗೊಣಗಿದಳು. ಏನೆಂದೆ ಅವ್ವ, ಎಂದು ಕೇಳಿದೆ.

“ಏನಿಲ್ಲ. ಜಾಗ ಎಲ್ಲೂ ಓಗಾಕಿಲ್ಲ, ನಾನು ನಿದಾನಕ್ಕೆ ಬತ್ತೀನಿ ಅಂತ ನಿಮ್ಮಪ್ಪಂಗೆ ಏಳ್ದೆ,” ಎಂದಳು.