ಸೀರೆ ಉಡುವ ಗಂಡಸು ಎಂದಿದ್ದ ನೆರೆಮನೆಯ ಅಣ್ಣ

ನನ್ನ ಮೊಮ್ಮಗನ ಮದುವೆ ನಿಶ್ಚಯವಾಯಿತು. ನಿನ್ನೆ ಕೊಪ್ಪದ ಹತ್ತಿರದ ನಮ್ಮ ನಾರ್ವೆ ಊರಿನ ಮನೆಯಲ್ಲೇ, ನರಸಿಂಹರಾಜಪುರದ ಬೀಗರ ಎದುರಿಗೆ, ಹಸಿರು ಸೀರೆ ಉಟ್ಟುಕೊಂಡೇ ಅವನು ತಾಂಬೂಲ ಹಿಡಿದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೆ ಇರಲಿ, ಸಂತೋಷ ನೆಟ್ಟಗಿದೆ.

ನಿನ್ನೆ ಬೆಳಿಗ್ಗೆ ಆ ಸೀರೆಯ ಮಡಿಕೆ ಬಿಡಿಸುವಾಗ ಒಣಗಿದ ಸುರಗಿ ಹೂವಿನ ವಾಸನೆ ಬಂತು. ಬಟ್ಟೆಯ ನಡುವೆ ನಾನೇ ಇಟ್ಟದ್ದು. ಹಾಗೆ ಇಡುವುದನ್ನು ನನಗೆ ಕಲಿಸಿದವನು ನನ್ನ ತವರು ಹಿರೇಕೊಡಿಗೆಯ ನೆರೆಮನೆಯ ಅಣ್ಣ. ವಾಸನೆಯ ಹಿಂದೆಯೇ ಅವನೂ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು…

ಅಣ್ಣನೂ ನಮ್ಮ ಹಾಗೆ ಗದ್ದೆಯ ಕೂಲಿಯವನು. ಮೀಸೆಯನ್ನೂ ಬಿಡಲಿಲ್ಲ, ಸೀರೆಯನ್ನೂ ಬಿಡಲಿಲ್ಲ. ಹೂಡುವುದು ಗಂಡಸರ ಕೆಲಸ, ಸಸಿ ನೆಡುವುದು ಹೆಂಗಸರ ಕೆಲಸ ಎಂದಿದ್ದ ಕಾಲ ಅದು. ಅವನು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಮ್ಮ ಸಾಲಿನಲ್ಲಿ ಬಗ್ಗುತ್ತಿದ್ದ. ಹೂಡುವವರು ಬಾಯಿಗೆ ಬಂದ ಹೆಸರು ಹಿಡಿದು ಕೂಗುತ್ತಿದ್ದರು. ಆ ಹೆಸರುಗಳನ್ನು ನಾನು ಬರೆಯುವುದಿಲ್ಲ. ಅವು ಅವರ ಬಾಯಿಯ ಕೊಳೆ, ಅಣ್ಣನ ಹೆಸರಲ್ಲ. ಅವನು ತಲೆಯನ್ನೂ ಎತ್ತದೆ, “ನಿನ್ನ ಎತ್ತು ನೀನು ನೋಡ್ಕೊ ಮಾರಾಯ, ನನ್ನ ಸೆರಗು ನಾನು ನೋಡ್ಕೊಳ್ತೇನೆ” ಎನ್ನುತ್ತಿದ್ದ. ನಾವು ನಕ್ಕೂ ನಕ್ಕೂ ಸಸಿ ವಾರೆ ನೆಡುತ್ತಿದ್ದೆವು.

ನೆಟ್ಟಿ ಮುಗಿದ ದಿನ ಗದ್ದೆಯ ಯಜಮಾನರ ಮನೆಯಲ್ಲಿ ಊಟ. ಹೂಡಿದ ಗಂಡಸರಿಗೆ ಟವೆಲು, ನೆಟ್ಟ ಹೆಂಗಸರಿಗೆ ರವಿಕೆ ಕಣ ಕೊಡುವುದು ಪದ್ಧತಿ. ಒಂದು ವರ್ಷ ತಟ್ಟೆ ಹಿಡಿದು ಬಂದ ಆ ಮನೆಯ ಅಮ್ಮ ಅಣ್ಣನ ಮುಂದೆ ನಿಂತುಬಿಟ್ಟರು. ಒಳ್ಳೆಯ ಮನಸ್ಸಿನವರೇ. ದೇವಿ ಮೈಮೇಲೆ ಬರುವುದರಿಂದ ಸೀರೆ ಉಡುತ್ತೇನೆ ಎಂದು ಹೇಳಿಬಿಡು, ಕಣ ಕೊಡುತ್ತೇನೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ ಎಂದು ಮೆಲ್ಲಗೆ ದಾರಿ ತೋರಿಸಿದರು.

ಅಣ್ಣ ಕೈಮುಗಿದ. “ದೇವಿ ಮೇಲೆ ಹಾಕೋದು ಬೇಡ ಅಮ್ಮಾ. ಅವಳು ಉಡು ಅನ್ನಲಿಲ್ಲ, ನನಗೆ ಇಷ್ಟ, ಉಡ್ತೇನೆ. ಸೀರೆ ಉಡೋ ಗಂಡಸು ಅನ್ನಿ, ಸಾಕು. ಕಣ ನೆಟ್ಟವರಿಗಲ್ವಾ? ನಾನೂ ನೆಟ್ಟಿದ್ದೇನೆ.”

ಅಮ್ಮ ಟವೆಲು ಚಾಚಿದರು. ಅವನು ಮುಟ್ಟಲಿಲ್ಲ, ಬರಿಗೈಯಲ್ಲೇ ಬಂದ. ಮರುವರ್ಷವೂ ಸೀರೆಯಲ್ಲೇ ನೆಟ್ಟ, ಬರಿಗೈಯಲ್ಲೇ ಬಂದ. ಒಂದು ಸುಳ್ಳು ಹೇಳಿದ್ದರೆ ಊರೆಲ್ಲ ಕಾಲಿಗೆ ಬೀಳುತ್ತಿತ್ತು… ಹೇಳಲಿಲ್ಲ. ಆಮೇಲೊಂದು ಮಳೆಗಾಲ ಆ ಅಮ್ಮನೇ ಮಾತಿಲ್ಲದೆ ಕಣ ಎತ್ತಿ ಅವನ ಕೈಗಿಟ್ಟರು.

ನಾನು ಮದುವೆಯಾಗಿ ನಾರ್ವೆಗೆ ಬಂದೆ. ವಯಸ್ಸಾದ ಮೇಲೆ ಅವನನ್ನು ತಮ್ಮನ ಮಕ್ಕಳು ಘಟ್ಟದ ಕೆಳಗೆ ಕರೆದುಕೊಂಡು ಹೋದರಂತೆ. ತೀರಿಕೊಂಡಾಗ ಪಂಚೆ ಉಡಿಸಿ ಕಳಿಸಿದರಂತೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಸಿಟ್ಟು ಇನ್ನೂ ಆರಿಲ್ಲ.

ಮೊಮ್ಮಗ ಕೊಪ್ಪದಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುತ್ತಾನೆ. ಹುಡುಗಿ ಅಲ್ಲೇ ಬಟ್ಟೆ ಅಂಗಡಿಯಲ್ಲಿದ್ದಾಳೆ. ನನಗೇ ಬೇಕು ಎಂದು ಹೇಳಿ ಸೀರೆ ಕೊಂಡ ಗಂಡಸು ಇವನೊಬ್ಬನೇ ಅಂತೆ, ಪರಿಚಯ ಅಲ್ಲಿಂದಲೇ. ಬೀಗರು ಬರುತ್ತಾರೆ ಎಂದಾಗ ಹೆದರಿದವನು ನನ್ನ ಮಗ, ಅಂದರೆ ಹುಡುಗನ ಅಪ್ಪ. ಒಂದು ದಿನ ಪ್ಯಾಂಟು ಹಾಕಿಕೊಳ್ಳಲಿ, ಕೇಳಿದರೆ ನಾಟಕದ ಹುಚ್ಚು ಎನ್ನೋಣ, ಸಂಬಂಧ ತಪ್ಪಿದರೆ ಮತ್ತೆ ಯಾರು ಕೊಡುತ್ತಾರೆ ಎಂದ. ಆಗ ನಾನು ಅಣ್ಣನ ಕಥೆ ಹೇಳಿದೆ. ಸುಳ್ಳು ಹೇಳಿ ತಂದ ಸೊಸೆ ನನಗೆ ಬೇಡ ಎಂದೂ ಹೇಳಿದೆ.

ಏನೆಂದು ಹೇಳಿಕೊಳ್ಳಬೇಕು ಎನ್ನುವುದನ್ನು ಮಾತ್ರ ಮೊಮ್ಮಗನಿಗೇ ಬಿಟ್ಟೆ. ಇವನಂಥವರಿಗೆ ಫೋನಿನಲ್ಲಿ ಬೇಕಾದಷ್ಟು ಹೆಸರುಗಳಿವೆಯಂತೆ. ಅಂಗಿಯ ಹಾಗೆ ಒಂದೊಂದನ್ನೂ ಹಾಕಿ ನೋಡಿದನಂತೆ, ಕೆಲವು ಬಿಗಿ, ಕೆಲವು ದೊಗಳೆ.

ಹುಡುಗಿಯ ಅಪ್ಪ ಲಾರಿ ಓಡಿಸಿದವರು. ಸೀರೆಯಲ್ಲಿದ್ದ ಹುಡುಗನನ್ನು ನೋಡಿ, ಇದಕ್ಕೆ ಏನಂತಾರೆ ಎಂದು ನೇರವಾಗಿಯೇ ಕೇಳಿದರು. ನನ್ನ ಮಗ ನೆಲ ನೋಡಿದ.

“ಕ್ರಾಸ್‌ಡ್ರೆಸ್ಸರ್ ಅಂತ ನಾನು ಹೇಳ್ಕೊಳ್ತೇನೆ” ಎಂದ ಮೊಮ್ಮಗ. “ಗಂಡಸೇ ಮಾವ. ಸೀರೆ ಉಡ್ತೇನೆ. ಮದುವೆ ಆದ್ಮೇಲೂ ಉಡ್ತೇನೆ.”

ಹುಡುಗಿಯೇ ಬಾಯಿಬಿಟ್ಟಳು: “ನೆರಿಗೆ ನನಗಿಂತ ಚೆನ್ನಾಗಿ ಹಿಡೀತಾರೆ ಅಪ್ಪ.”

ಧಾರೆಗೂ ಸೀರೆಯೇ ಎಂದು ಅವಳ ಅಪ್ಪ ಕೇಳಿದರು. ಇಲ್ಲ, ಧಾರೆಗೆ ಪಂಚೆ, ಬೀಗರೂಟಕ್ಕೆ ಸೀರೆ ಎಂದ ಇವನು. ಅವರು ಹೆಂಡತಿಯ ಕಡೆ ತಿರುಗಿ, “ಜವಳಿಗೆ ಹೋದಾಗ ಗಂಡಿಗೂ ಒಂದು ಸೀರೆ ಆರಿಸ್ಬೇಕಲ್ಲೇ” ಎಂದರು. ನಾನು ಅಳುತ್ತಾ ನಕ್ಕೆ, ನಗುತ್ತಾ ಅತ್ತೆ.

ಸಂಜೆ ಬೀಗರನ್ನು ಹೋಗಲು ಬಿಡಲಿಲ್ಲ. ಕಡುಬು, ಕೋಳಿ ಸಾರು ಮಾಡಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಒಟ್ಟಿಗೇ ಕೂತೆವು. ಅಣ್ಣ ಇಲ್ಲವಲ್ಲ ಎಂದುಕೊಂಡು ಮೊದಲ ತುತ್ತನ್ನು ಎಲೆಯ ಬದಿಗೆ ತೆಗೆದಿಟ್ಟೆ… ಅಷ್ಟರಲ್ಲಿ ನನ್ನ ಮಗ ಸಾರಿನ ಪಾತ್ರೆ ಹಿಡಿದು ಬಂದ. ಬೀಗರೆಲ್ಲರ ಎದುರಿಗೇ ತನ್ನ ಮಗನ ಮುಂದೆ ಬಗ್ಗಿ, “ಬಿಸಿ ಇದೆ ಮಗ, ಸೆರಗು ಸಿಕ್ಕಿಸ್ಕೊ” ಎಂದ.