ನೂರು ಮುಖಕ್ಕೆ ಒಂದು ಬ್ರಷ್

ಚೆನ್ನೈಯ ಟಿ. ನಗರದ ಬಟ್ಟೆ ಅಂಗಡಿಯೊಂದರ ನೆಲಮಹಡಿಯಲ್ಲಿ, ಲಿಫ್ಟಿನ ಪಕ್ಕದ ಪೌಡರ್ ಕೌಂಟರಿನಲ್ಲಿ ಗುಣವತಿ ಒಂಬತ್ತು ವರ್ಷ ನಿಂತಿದ್ದರು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಅವರ ಬಣ್ಣಕ್ಕೆ ಹೊಂದುವ ಪೌಡರನ್ನು ಬ್ರಷ್ಷಿನಿಂದ ಹಚ್ಚಿ ಕನ್ನಡಿ ಹಿಡಿಯುವುದು ಅವರ ಕೆಲಸ. ಬ್ರಷ್ಷನ್ನು ಒತ್ತಬಾರದು. ಪೌಡರಿನಲ್ಲಿ ತಿರುಗಿಸಿ, ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿ, ಕೆನ್ನೆಯಿಂದ ಕಿವಿಯ ಕಡೆಗೆ ಹಗುರವಾಗಿ ಸವರಬೇಕು. ತಮಿಳರ ಆಡಿ ಮಾಸದ ರಿಯಾಯಿತಿ ಮಾರಾಟದಲ್ಲಿ ದಿನಕ್ಕೆ ನೂರು ಮುಖ ದಾಟುತ್ತಿತ್ತು. ಬ್ರಷ್ ಮಾತ್ರ ಒಂದೇ.

ಅದನ್ನು ತೊಳೆಯುವುದು ಸೋಮವಾರ. ಶನಿವಾರದ ಹೊತ್ತಿಗೆ ಅದರ ಬಿಳಿ ಕೂದಲು ಚಹಾ ಸೋಸುವ ಬಟ್ಟೆಯ ಬಣ್ಣಕ್ಕೆ ತಿರುಗಿ ತುದಿಗಳು ಜಡೆಗಟ್ಟಿರುತ್ತಿದ್ದವು. ತೆಂಗಿನೆಣ್ಣೆ, ಅರಿಶಿನ, ಬೆವರು, ಚರ್ಮದ ಹೊಟ್ಟು, ಯಾರದೋ ಹುಬ್ಬಿನ ಕೂದಲು. ಮೂಗಿನ ಹತ್ತಿರ ತಂದರೆ ತಿಂಗಳುಗಟ್ಟಲೆ ಒಗೆಯದ ದಿಂಬಿನ ವಾಸನೆ.

ಗುಣವತಿ ಉಡುಪಿ ಕಡೆಯವರು. ಅವರದು ನೀರನ್ನು ಎತ್ತಿ ಕುಡಿಯುವ ಮನೆ. ಲೋಟಕ್ಕೆ ತುಟಿ ತಾಗಿದರೆ ಅದು ಎಂಜಲು, ತೊಳೆಯದೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಗಂಡ ಬಾಬು ನುಂಗಂಬಾಕ್ಕಂನ ಹೋಟೆಲೊಂದರಲ್ಲಿ ಸಪ್ಲಾಯರ್.

“ನಮ್ಮಲ್ಲಿ ಚಮಚ ಬಿಸಿನೀರಿಗೆ ಅದ್ದದೆ ಇಟ್ರೆ ಧಣಿ ಓಡಿಸ್ತಾರೆ,” ಎಂದು ಬಾಬು ಕೆಣಕುತ್ತಿದ್ದರು. “ನಿಮ್ದು ಎಂತ ಅಂಗಡಿ ಮಾರಾಯ್ತಿ, ಎಸಿ ಹಾಕಿದ ಮುಸುರೆ ತೊಟ್ಟಿ!”

ಒಂದು ಸಂಜೆ ಗುಣವತಿ ಯಾರಿಗೂ ಹೇಳದೆ ಬ್ರಷ್ಷನ್ನು ಶಾಂಪೂ ಹಾಕಿ ತೊಳೆದಿಟ್ಟರು. ಚೆನ್ನೈಯ ಜಿಡ್ಡು ಗಾಳಿಯಲ್ಲಿ ಬೆಳಗಾದರೂ ಅದರ ಬುಡ ಒಣಗಿರಲಿಲ್ಲ. ಮೊದಲು ಬಂದ ಹೆಂಗಸಿನ ಮುಖದ ಮೇಲೆ ಪೌಡರ್ ಗಂಟುಗಟ್ಟಿ, ಬೂದುಗುಂಬಳದ ಸಿಪ್ಪೆಯಂತಾಯಿತು. ದೂರು ಮೈಸೂರು ಕಡೆಯ ಮ್ಯಾನೇಜರ್ ಮಧುಸೂದನ್ ಅವರಿಗೆ ಹೋಯಿತು.

“ಇನ್ನೊಂದು ಬ್ರಷ್ ಕೊಡಿ ಸಾರ್.”

“ಕಂಪನಿಯಿಂದ ಬರೋದೇ ಒಂದು ಕಣ್ರೀ. ಇನ್ನೊಂದ್ ಕಂಪ್ಲೇಂಟ್ ಬಂತೋ, ನೀವು ಮನೇಲೇ ಇರಬೋದು.”

ಬಾಬು ಅವರ ಮೊಣಕಾಲು ಆಗಲೇ ಕೈಕೊಡುತ್ತಿತ್ತು. ಟ್ರೇ ಹೊತ್ತು ಓಡಾಡುವುದು ಇನ್ನೆಷ್ಟು ದಿನ ಎಂದು ಗೊತ್ತಿರಲಿಲ್ಲ. ಗುಣವತಿ ಮತ್ತೆ ಸೋಮವಾರಕ್ಕಷ್ಟೇ ಬ್ರಷ್ ತೊಳೆಯತೊಡಗಿದರು.

ಆಡಿಯ ಕೊನೆಯ ಶನಿವಾರ ಒಬ್ಬ ಹೆಂಗಸು ಬಂದು ಕೂತರು. ಗಲ್ಲದ ಮೇಲೆ ಹಳದಿ ಹೆಕ್ಕಳೆ ಕಟ್ಟಿದ ಹುಣ್ಣು. ಗುಣವತಿ ಗಲ್ಲ ಬಿಟ್ಟು ಉಳಿದೆಡೆ ಹಚ್ಚಿದರು. ಹೆಂಗಸು ಅವರ ಕೈ ಹಿಡಿದು ಬ್ರಷ್ಷನ್ನು ತಾವೇ ಹುಣ್ಣಿಗೆ ಒತ್ತಿ ಉಜ್ಜಿಕೊಂಡರು. ಬ್ರಷ್ಷಿನ ತುದಿಗೆ ಹೆಕ್ಕಳೆಯ ಚೂರೊಂದು ಅಂಟಿ ಬಂತು.

ಮುಂದಿನ ಸರದಿ ಕೃತಿಯದು. ಕಾಲೇಜು ಹುಡುಗಿ, ಮರುದಿನ ಅಣ್ಣನ ನಿಶ್ಚಿತಾರ್ಥ. ಜೊತೆಗೆ ತಾಯಿ ವಾಸಂತಿ, ಚೆನ್ನೈಯಲ್ಲೇ ನೆಲೆಸಿದ ಕನ್ನಡದವರು. ಗುಣವತಿ ಬ್ರಷ್ ಕೆಳಗಿಟ್ಟು ಹತ್ತಿಯ ಉಂಡೆ ಎತ್ತಿಕೊಂಡರು. ಮಧುಸೂದನ್ ಅಲ್ಲೇ ನಿಂತಿದ್ದರು.

“ಬ್ರಷ್ಷಲ್ಲೇ ಹಚ್ರೀ. ನಾವು ಮಾರ್ತಿರೋದು ಹತ್ತೀನಾ?”

“ಗಲೀಜಾಗಿದೆ ಸಾರ್,” ಗುಣವತಿ ತಗ್ಗಿದ ದನಿಯಲ್ಲಿ ಹೇಳಿದರು.

ವಾಸಂತಿಗೆ ಕೇಳಿಸಿತು. “ಏನು, ಗಲೀಜಾ?”

“ಛೆ ಛೆ, ಇಲ್ಲಮ್ಮ,” ಮಧುಸೂದನ್ ನಕ್ಕರು. “ಬೇಕಾದ್ರೆ ಅವರೇ ಹಚ್ಕೊಂಡು ತೋರಿಸ್ತಾರೆ. ತೋರ್ಸಿ ಗುಣವತಿಯವರೇ.”

ಗುಣವತಿ ಬ್ರಷ್ಷನ್ನು ಪೌಡರಿನಲ್ಲಿ ತಿರುಗಿಸಿ ತಮ್ಮ ಎಡಗೆನ್ನೆಗೆ ಸವರಿದರು. ಅದು ಬೆಚ್ಚಗಿತ್ತು, ತುಸು ಅಂಟುತ್ತಿತ್ತು.

ಕೃತಿಗೆ ಧೈರ್ಯ ಬಂತು. ಕಣ್ಣು ಮುಚ್ಚಿ ಮುಖ ಮುಂದೆ ಚಾಚಿ, “ಎನಕ್ಕುಂ ಪೋಡುಂಗ ಅಕ್ಕಾ,” ಎಂದಳು.

“ಕನ್ನಡದವರು ಕಣೇ, ಕನ್ನಡದಲ್ಲಿ ಹೇಳು,” ವಾಸಂತಿ ಗದರಿದರು.

“ನನಗೂ ಹಾಕಿ ಅಕ್ಕಾ, ಪ್ಲೀಸ್.”

ಆ ಕೆನ್ನೆಯಲ್ಲಿ ಉಗುರಿನಿಂದ ಕೆರೆದ ಎರಡು ಮೊಡವೆಗಳಿದ್ದವು. ಇನ್ನೂ ಹಸಿ.

“ಏಳು ಮಗಾ,” ಗುಣವತಿ ಅಂದರು. “ಇದು ನೂರು ಜನರ ಎಂಜಲು. ಈಗಷ್ಟೇ ಹುಣ್ಣಿಗೆ ತಾಗಿದ್ದು. ನಿನ್ನ ಮುಖಕ್ಕೆ ಬೇಡ.” ಸಾಲಿನಲ್ಲಿದ್ದ ಎಲ್ಲರಿಗೂ ತಿಳಿಯಲೆಂದು ಅದನ್ನೇ ತಮಿಳಿನಲ್ಲೂ ಗಟ್ಟಿಯಾಗಿ ಹೇಳಿದರು.

ಸಾಲು ಕರಗಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಗುಣವತಿಯ ಕೊರಳಿನ ಗುರುತಿನ ಚೀಟಿ ವಾಪಸಾಯಿತು, ಕೆಲಸ ಹೋಯಿತು. ಮಧುಸೂದನ್ ಬ್ರಷ್ಷನ್ನು ಕಾಗದದಲ್ಲಿ ಎರಡು ಸಲ ಒರೆಸಿ, ಬಳೆ ವಿಭಾಗದ ನಮಿತಾಳನ್ನು ಕರೆದು ಕೈಗೆ ಕೊಟ್ಟರು. ನಾಲ್ಕು ಗಂಟೆಗೆ ಸ್ಟೂಲಿನ ಮುಂದೆ ಮತ್ತೆ ಸಾಲು ನಿಂತಿತ್ತು.

ಗುಣವತಿ ಈಗ ಗಂಡನ ಹೋಟೆಲಿನಲ್ಲೇ ತರಕಾರಿ ಹೆಚ್ಚುತ್ತಾರೆ. ನೀವು ಮಾಡಿದ್ದು ಸರಿ ಎಂದು ಅಲ್ಲಿ ಯಾರಾದರೂ ಹೊಗಳಿದರೆ ಅವರ ಮುಖ ಕಿವುಚಿಕೊಳ್ಳುತ್ತದೆ.

“ಎಂತ ಸರಿ? ಅದು ಎಂಜಲು ಅಂತ ಮೊದಲ ದಿನವೇ ಗೊತ್ತಿತ್ತು. ಒಂಬತ್ತು ವರ್ಷ ಕಂಡವರ ಮುಖಕ್ಕೆಲ್ಲ ಹಚ್ಚಿದೆ. ನನ್ನ ಕೆನ್ನೆಗೆ ತಾಗಿದ ಮೇಲೆ ಬಾಯಿ ಬಂತು. ನೆನೆಸಿದ್ರೆ ನನಗೇ ಹೇಸಿಗೆ ಆಗ್ತದೆ.”