ರೇವಣಪ್ಪ ಪಾಸು ಮಾಡಿದ ವಾಯುನೌಕೆ

ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದ ಗದಗಿನ ರೇವಣಪ್ಪ, ೨೦೧೨ರಲ್ಲಿ ಮತ್ತೆ ಕೆಲಸಕ್ಕೆ ಸೇರಿದ. ಈ ಸಲ ಔರಂಗಾಬಾದಿನ ಚಿಕಲಠಾಣಾದಲ್ಲಿ, ತಗಡಿನ ಒಂದು ದೊಡ್ಡ ಶೆಡ್ಡಿನಲ್ಲಿ. ಅಲ್ಲಿ ಕೆಲವು ತರುಣ ಎಂಜಿನಿಯರುಗಳು ಸೈನ್ಯಕ್ಕೆ ಸಾಮಾನು ಸಾಗಿಸುವ ವಾಯುನೌಕೆಯ ಮಾದರಿಯೊಂದನ್ನು ಕಟ್ಟುತ್ತಿದ್ದರು. ಅರ್ಧ ಭಾರವನ್ನು ಹೊಟ್ಟೆಯೊಳಗಿನ ಹೀಲಿಯಂ ಅನಿಲ ಎತ್ತಬೇಕು. ಉಳಿದರ್ಧವನ್ನು ಪಂಖಗಳೂ ರೆಕ್ಕೆಯಂತೆ ಚಪ್ಪಟೆಯಾದ ಮೈಯೂ ಎತ್ತಬೇಕು. ಅದಕ್ಕೆ ರನ್‌ವೇ ಬೇಡ, ರಸ್ತೆಯೂ ಬೇಡ.

ರಸ್ತೆ ಬೇಡವೆಂಬ ಮಾತೇ ಅವನನ್ನು ಅಲ್ಲಿಗೆ ಎಳೆದು ತಂದದ್ದು. ಅವನ ತಮ್ಮ ಜಯರಾಮ ಸೈನ್ಯದಲ್ಲಿ ಲಾರಿ ಚಾಲಕನಾಗಿದ್ದ. ಲಡಾಖಿನ ಠಾಣ್ಯಕ್ಕೆ ಸೀಮೆಎಣ್ಣೆ ಒಯ್ಯುವಾಗ ಕುಸಿದ ರಸ್ತೆಯೊಡನೆ ಕಣಿವೆಗೆ ಬಿದ್ದ. ದೇಹ ಸಿಗಲು ಹನ್ನೊಂದು ದಿನ ಹಿಡಿಯಿತು.

ಶೆಡ್ಡಿನಲ್ಲಿ ರೇವಣಪ್ಪನದು ಒಂದೇ ಕೆಲಸ. ನೌಕೆಯ ಬಟ್ಟೆಯ ಚೀಲಕ್ಕೆ ಗಾಳಿ ತುಂಬುವರು. ಅವನು ಬರಿಗಾಲಲ್ಲಿ ಒಳಗೆ ತೆವಳುವನು. ಹೊರಗೊಬ್ಬ ದೊಡ್ಡ ದೀಪ ಹಿಡಿದು ಚೀಲದ ಮೈಗುಂಟ ನಡೆಯುವನು. ಸೂಜಿಮೊನೆಯಷ್ಟು ತೂತಿದ್ದರೂ ಒಳಗಿನ ಕತ್ತಲಲ್ಲಿ ಬೆಳಕಿನ ಚುಕ್ಕೆ ಮೂಡುವುದು. ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆಯಬೇಕು.

ಮಳೆಗಾಲ ಕಳೆಯುವಷ್ಟರಲ್ಲಿ ಅವನಿಗೆ ಕಾಣುವ ಚುಕ್ಕೆಗಳು ಕಡಿಮೆಯಾದವು. ಬಟ್ಟೆ ಸುಧಾರಿಸಿತೆಂದು ತನಗೆ ತಾನೇ ಹೇಳಿಕೊಂಡ. ಮನ್ಮಾಡಿನಲ್ಲಿ ಗಾಡಿ ಬದಲಿಸಿ ರವಿವಾರ ಓಝರಿನ ಮನೆಗೆ ಹೋದಾಗ ಹೆಂಡತಿ ಅನಸೂಯ ಬಿಡಲಿಲ್ಲ.

"ಅಕ್ಕಿಯಾಗಿನ ಹಳ್ಳು ಕಾಣೂದಿಲ್ಲ ನಿಮಗ. ಚೀಲದಾಗಿನ ತೂತು ಕಾಣ್ತಾವೇನ್ರಿ?"

"ಅಕ್ಕಿ ಬ್ಯಾರೆ, ಅದು ಬ್ಯಾರೆ."

"ಹೌದೌದು, ಅಕ್ಕಿ ಬೆಳ್ಳಗ, ನಿಮ್ಮ ಕಣ್ಣೂ ಬೆಳ್ಳಗ! ಪೊರೆ ತೆಗಸ್ಕೋರಿ ಅಂದ್ರ ಕೇಳಾವ್ರಲ್ಲ."

"ದೀಪಾವಳಿ ಆದಮ್ಯಾಲೆ ಸೈನ್ಯದವ್ರು ನೋಡಾಕ ಬರ್ತಾರ. ಈಗ ಕಣ್ಣಿಗೆ ಕಟ್ಟು ಕಟಗೊಂಡು ಕುಂತ್ರ ಬ್ಯಾರೆಯವರ್ನ ಒಳಗ ಕಳಸ್ತಾರ. ಜಯರಾಮ ಹ್ವಾದ ದಾರಿಗೆ ಹೋಗೂದು ಅದು. ನಾನ ಪಾಸು ಮಾಡಬೇಕು."

ತೀರಿಹೋದ ಮೈದುನನ ಹೆಸರು ಬಂದಮೇಲೆ ಅನಸೂಯ ಅಕ್ಕಿಯ ಮೊರವನ್ನು ತನ್ನತ್ತ ಎಳೆದುಕೊಂಡಳು.

ಪ್ರದರ್ಶನದ ವಾರ ರೇವಣಪ್ಪ ಚೀಲದೊಳಗೆ ಎರಡು ತಾಸು ಹುಡುಕಿದ. ಐದೇ ಚುಕ್ಕೆ ಕಂಡವು. ಅವನ್ನು ಮುಚ್ಚಿಸಿ, ಕಾಗದಕ್ಕೆ ಸಹಿ ಹಾಕಿದ. ಹೀಲಿಯಂ ತುಂಬಿದ ಮೂರನೆಯ ದಿನ ಅಧಿಕಾರಿಗಳು ಬಂದರು. ಇನ್ನೂರು ಕಿಲೋ ಮರಳಿನ ಮೂಟೆ ಹೊರಿಸಿದಾಗ ನೌಕೆ ನೆಲ ಬಿಡಲಿಲ್ಲ. ಇಳಿಸುತ್ತ ಇಳಿಸುತ್ತ ಎಂಬತ್ತಕ್ಕೆ ಬಂದಾಗ ಮೆಲ್ಲನೆ ಎದ್ದಿತು. ಹಿರಿಯ ಅಧಿಕಾರಿ ನಯವಾಗಿಯೇ ಹೇಳಿದ: "ಇಷ್ಟನ್ನು ನಮ್ಮ ಒಂದು ಹೇಸರಗತ್ತೆ ಹೊರುತ್ತದೆ." ಚಹಾ ಕುಡಿದು ಎಲ್ಲರೂ ಹೊರಟುಹೋದರು.

ಮರುದಿನ ಕಾರಣ ಹುಡುಕಲು ಚೀಲಕ್ಕೆ ಮತ್ತೆ ಗಾಳಿ ತುಂಬಿದರು. ರೇವಣಪ್ಪನೊಡನೆ ಎಂಜಿನಿಯರ್ ಹರಿಪ್ರಿಯಾಳೂ ಒಳಗೆ ಬಂದಳು. ಧಾರವಾಡದವರ ಮಗಳಾದರೂ ಔರಂಗಾಬಾದಿನಲ್ಲೇ ಬೆಳೆದವಳು. ನಾಲಗೆಗೆ ಮರಾಠಿಯೇ ಮೊದಲು ಬರುತ್ತಿತ್ತು. ಹೊರಗೆ ದೀಪ ಸರಿಯತೊಡಗಿತು.

"ಅರೇ ದೇವಾ! ಕಾಕಾ, ಇಕಡೆ ಬಘಾ... ನೋಡ್ರಿ, ಎಷ್ಟೊಂದು!"

"ಹೂಂ, ಕಾಣ್ತಾವ," ಎಂದ ರೇವಣಪ್ಪ.

ಅವನ ಸೀಮೆಸುಣ್ಣ ಅಲುಗದ್ದನ್ನು ಅವಳು ಗಮನಿಸಿದಳು. ಆಮೇಲೆ ಅವನ ಕೈ ಹಿಡಿದು, ಒಂದು ಚುಕ್ಕೆಯೂ ಇಲ್ಲದ ಕಡೆ ಬಟ್ಟೆಯ ಮೇಲೆ ಇಟ್ಟಳು. "ಇಲ್ಲಿ?"

"ಇಲ್ಲೂ ಐತಿ. ದೊಡ್ಡದೈತಿ."

ಹರಿಪ್ರಿಯಾ ಅವನ ಕೈ ಬಿಡಲಿಲ್ಲ. ತನ್ನ ಸುಳ್ಳು ಅವಳಿಗೆ ಗೊತ್ತಾಯಿತೆಂಬುದು ಅವನಿಗೆ ತಿಳಿಯಿತು.

"ಕಾಕಾ, ನಾ ಯಾರಿಗೂ ಹೇಳೂದಿಲ್ಲ."

"ಹೇಳಬೇಕವ್ವಾ. ನಾನ ಹೇಳ್ತೀನಿ."

ಹೊರಬಂದು ಎಲ್ಲರ ಮುಂದೆ ಹೇಳಿದ. ಯಾರೂ ಬಯ್ಯಲಿಲ್ಲ, ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಮತ್ತೊಮ್ಮೆ ಬಂದು ನೋಡಿರೆಂದು ಸೈನ್ಯಕ್ಕೆ ಬರೆದ ಪತ್ರಕ್ಕೆ, ಮುಂದೆಂದಾದರೂ ನೋಡೋಣವೆಂಬ ಉತ್ತರ ಬಂತು. ಸಂಕ್ರಾಂತಿಯ ಹೊತ್ತಿಗೆ ಶೆಡ್ಡು ಖಾಲಿಯಾಯಿತು.

ಫೆಬ್ರುವರಿಯಲ್ಲಿ ನಾಶಿಕದ ಆಸ್ಪತ್ರೆಯಲ್ಲಿ ಅವನ ಕಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದರು. ಎಲ್ಲಕ್ಕಿಂತ ಕೆಳಗಿನ ಸಣ್ಣ ಸಾಲನ್ನೂ ರೇವಣಪ್ಪ ತಡೆಯಿಲ್ಲದೆ ಓದಿದ. "ಭೇಷ್!" ಎಂದರು ಡಾಕ್ಟರು. ಅವನು ಮಗುವಿನಂತೆ ಅಳತೊಡಗಿದ. ಅನಸೂಯ ಸೆರಗಿನಿಂದ ಒರೆಸಲು ಹೋದಳು. ಹೊಸ ಕಣ್ಣನ್ನು ಮುಟ್ಟಬಾರದೆಂದು ಡಾಕ್ಟರು ತಡೆದರು.